ಕೋರಂಗೆ ಒಬ್ಬರು ಕಮ್ಮಿ

ಸುಮಧ್ವ ನನ್ನನ್ನು ಮೊದಲ ಸಲ ನೋಡಿದಾಗ ನಮ್ಮಪ್ಪ ತೀರಿಕೊಂಡಿದ್ದಾರೆ ಅಂದುಕೊಂಡಿದ್ದ.

ನಾನು ಕಾಶಿಯ ಹರಿಶ್ಚಂದ್ರ ಘಾಟಿನ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ. ಹೊಗೆಗೆ ಕಣ್ಣಲ್ಲಿ ನೀರು. ಕೆಳಗಿನಿಂದ ಒಬ್ಬ ಹತ್ತಿ ಬಂದ. ಒದ್ದೆ ಪಂಚೆ, ಮೊಣಕಾಲವರೆಗೆ ಬೂದಿ, ಕೈಯಲ್ಲಿ ಎರಡು ಮಣ್ಣಿನ ಕುಡಿಕೆ ಚಹಾ. ಒಂದನ್ನು ನನ್ನ ಕೈಗಿಟ್ಟು, ಎರಡಡಿ ದೂರ ಬಿಟ್ಟು ಕೂತ.

"ಇಲ್ಲಿ ಅಳಬಾರದು ಅಂತಾರೆ," ಅಂದ, ತುಂಬ ಮೆತ್ತಗೆ. "ಆದ್ರೆ ಬಂದ್ರೆ ಏನ್ಮಾಡೋದು? ಅಳ್ರಿ. ನಾನು ಆ ಕಡೆ ನೋಡ್ತೀನಿ."

ನಿಜಕ್ಕೂ ಆ ಕಡೆ ತಿರುಗಿದ. ಅಂಥ ದನಿಯಲ್ಲಿ ಯಾರೂ ನನ್ನ ಹತ್ತಿರ ಮಾತಾಡಿರಲಿಲ್ಲ. ಹೊಗೆ ಬೇರೆ ಕಡೆ ಹೋದ ಮೇಲೂ ನಾನು ಕಣ್ಣು ಒರೆಸಿಕೊಳ್ಳಲಿಲ್ಲ.

"ಕೊನೇಲಿ ನೋವಾಗ್ಲಿಲ್ಲ ಅವರಿಗೆ. ನಾನು ಪಕ್ಕದಲ್ಲೇ ಇದ್ದೆ. ನಿಮ್ಮ ಹೆಸರನ್ನೇ ಹೇಳ್ತಿದ್ರು."

"ಯಾರು?"

"ನಿಮ್ಮ ತಂದೆ."

"ನಮ್ಮ ತಂದೆ ಯೂನಿವರ್ಸಿಟಿ ಲ್ಯಾಬಲ್ಲಿದ್ದಾರೆ," ಅಂದೆ. "ಬೆಳಿಗ್ಗೆ ಉಪ್ಪಿಟ್ಟು ತಿಂದು ಹೋದರು."

ಅವನು ನನ್ನ ಮುಖ ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಕುಡಿಕೆ ನೋಡಿದ, ವಾಪಸ್ ಕೇಳಲೋ ಬೇಡವೋ ಅನ್ನುವ ಹಾಗೆ. "ಅರೇ ಯಾರ್! ಗದಗದಿಂದ ಮಗಳು ಬರಬೇಕಿತ್ತು…" ಅಂದವನಿಗೆ ನಗು ತಡೆಯಲಾಗಲಿಲ್ಲ. ಹೆಣ ಉರಿಯುವಲ್ಲಿ ನಗಬಾರದೆಂದು ಹೆಗಲ ಮೇಲಿನ ವಸ್ತ್ರ ಬಾಯಿಗೆ ತುರುಕಿಕೊಂಡ. ಕಣ್ಣು ಮಾತ್ರ ನಗುತ್ತಿತ್ತು, ರೆಪ್ಪೆಯ ಮೇಲೆ ಬೂದಿ.

"ಅವರು ನಿಜವಾಗ್ಲೂ ಮಗಳ ಹೆಸರು ಹೇಳಿದ್ರಾ?" ಅಂತ ಕೇಳಿದೆ.

"ಎಲ್ಲರಿಗೂ ಹಾಗೇ ಹೇಳ್ತೀನಿ," ಅಂದ. ನಗು ನಿಂತಿತ್ತು.

ನಾನು ಅವತ್ತು ಆ ಕಡೆ ಹೋದದ್ದು ಪಕ್ಕದ ಘಾಟಿನ ಸಂಘ ಸೇರಲು. ಕಾಶಿ ಕನ್ನಡ ತರುಣ ಸಂಘ ಅಂದರೆ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ, ಧರ್ಮಶಾಲೆಯೊಂದರ ಮಹಡಿ ಮೇಲೆ ಒಂದು ಕೋಣೆ, ಒಂದು ಬಾಲ್ಕನಿ. ಇಪ್ಪತ್ತೆರಡು ಮಂದಿ ಸದಸ್ಯರು. ಅರ್ಧ ಜನ ನನ್ನ ಹಾಗೆ ಯೂನಿವರ್ಸಿಟಿ ಕ್ವಾರ್ಟರ್ಸಿನ ಮಕ್ಕಳು. ಇನ್ನರ್ಧ ನಾಲ್ಕು ತಲೆಮಾರಿನಿಂದ ಇಲ್ಲೇ ಇದ್ದು ದಕ್ಷಿಣದ ಯಾತ್ರಿಕರಿಗೆ ಕರ್ಮ ಮಾಡಿಸುವ ಮನೆಗಳವರು. ಕರ್ನಾಟಕದಿಂದ ಬಂದವರು ದಾರಿ ತಪ್ಪಿದರೆ, ಜ್ವರ ಬಂದು ಮಲಗಿದರೆ, ಸತ್ತರೆ, ಸಂಘ ನೋಡಿಕೊಳ್ಳುತ್ತಿತ್ತು. ದಾರಿ ತಪ್ಪಿದವರನ್ನು ಹುಡುಕಲು ಎಲ್ಲರೂ ಬರುತ್ತಿದ್ದರು. ಜ್ವರಕ್ಕೆ ಡಾಕ್ಟರಿ ಓದುತ್ತಿದ್ದ ಹರ್ಷಾ ಇದ್ದ. ಸತ್ತವರಿಗೆ ಸುಮಧ್ವ ಒಬ್ಬನೇ.

ಸುಮಧ್ವ ಪುರೋಹಿತ ಬದರೀನಾರಾಯಣ ಆಚಾರ್ಯರ ಮಗ. ಹತ್ತೊಂಬತ್ತನೇ ವಯಸ್ಸಿಗೆ ಸಂಘದ ಸೇವಾ ಪ್ರಮುಖನಾದವನು. ಹೆಣಕ್ಕೆ ಚಟ್ಟ, ಕಟ್ಟಿಗೆ, ಪೊಲೀಸರ ಕಾಗದ, ಕೊನೆಗೆ ಸತ್ತವರ ಮನೆಗೆ ಫೋನು. ಎಲ್ಲಕ್ಕಿಂತ ಕಷ್ಟ ಆ ಫೋನು.

ಆರು ತಿಂಗಳಲ್ಲಿ ನನ್ನನ್ನು ಕಾರ್ಯದರ್ಶಿ ಮಾಡಿದರು, ಅಕ್ಷರ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ. ಸಂಘದ ಇಪ್ಪತ್ತಮೂರು ನಿಯಮಗಳ ಪುಸ್ತಕ ಇಲಿ ತಿಂದು ಅರ್ಧವಾಗಿತ್ತು. ನಾನದನ್ನು ಹೊಸದಾಗಿ ಟೈಪ್ ಮಾಡಿದೆ. ಅಜ್ಜಿಯ ಕಥೆಗಳಲ್ಲಿ ಬೆಳೆದವಳಿಗೆ ನಿಯಮಗಳೂ ಕಥೆಯ ಹಾಗೇ ಕಾಣುತ್ತಿದ್ದವು. ಏಳನೇ ಬಾಗಿಲು ತೆಗೆಯಬೇಡ, ಹಿಂದೆ ತಿರುಗಿ ನೋಡಬೇಡ. ಯಾರೋ ಒಬ್ಬರು ಏನೋ ಕಳೆದುಕೊಂಡ ಮೇಲೇ ಇಂಥದ್ದನ್ನು ಬರೆದಿರಬೇಕು ಅನಿಸುತ್ತಿತ್ತು.

"ಕಾರ್ಯದರ್ಶಿ ಸಾಹಿಬಾ," ಸುಮಧ್ವ ರೇಗಿಸುತ್ತಿದ್ದ, "ನಿಯಮದ ಪ್ರಕಾರ ಸಮೋಸಾ ಎಷ್ಟು?"

"ತಲೆಗೊಂದು."

"ವಿಶೇಷ ವಿನಾಯಿತಿ?"

"ಹಾಜರಿದ್ದವರಲ್ಲಿ ಮೂರನೇ ಎರಡು ಭಾಗ ಕೈ ಎತ್ತಬೇಕು."

ಹರ್ಷಾ ಎರಡೂ ಕೈ ಎತ್ತುತ್ತಿದ್ದ. ನಾನು ನನ್ನ ಸಮೋಸಾ ಮುರಿದು ಅರ್ಧ ಕೊಡುತ್ತಿದ್ದೆ. ಸುಮಧ್ವ ದೊಡ್ಡ ಭಾಗ ನನಗೆ ಬಿಟ್ಟು ಚಿಕ್ಕದನ್ನು ತೆಗೆದುಕೊಳ್ಳುತ್ತಿದ್ದ, ಬೆರಳು ತಾಗದ ಹಾಗೆ ಎಷ್ಟು ಹುಷಾರಾಗಿ ಅಂದರೆ, ತಾಗಿದ್ದರೂ ಅಷ್ಟು ಗೊತ್ತಾಗುತ್ತಿರಲಿಲ್ಲ. ನಾನು ಹಿಂದಿನ ಸಭೆಯ ಮಿನಿಟ್ಸ್ ಓದುವಾಗ ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದ. ತಲೆಯೆತ್ತಿದರೆ ಅವನ ದೃಷ್ಟಿ ಸೂರಿನ ಫ್ಯಾನಿನ ಮೇಲೆ. ಕರೆಂಟಿಲ್ಲದೆ ನಿಂತ ಫ್ಯಾನು.

"ಏನಿದೆ ಅಲ್ಲಿ?"

"ಧೂಳು," ಅನ್ನುತ್ತಿದ್ದ ಗಂಭೀರವಾಗಿ. "ನಿಯಮ ಇದೆಯಾ ಧೂಳಿಗೆ?"

ಧೂಳಿಗೆ ಇರಲಿಲ್ಲ. ಅವನಿಗೆ ಇತ್ತು. ಹದಿನಾಲ್ಕನೇ ನಿಯಮ: ಯಾರೂ ನಾಲ್ಕು ವರ್ಷಕ್ಕಿಂತ ಹೆಚ್ಚು ಸೇವಾ ಪ್ರಮುಖರಾಗಿರತಕ್ಕದ್ದಲ್ಲ, ಆಮೇಲೆ ಎರಡು ವರ್ಷ ಬಿಡುವು ಕಡ್ಡಾಯ. ಸುಮಧ್ವನಿಗೆ ಒಂಬತ್ತನೇ ವರ್ಷ ನಡೆಯುತ್ತಿತ್ತು. ಐದು ಸಲ ವಿನಾಯಿತಿ ಕೊಟ್ಟಿದ್ದರು. ಐದು ಸಲವೂ ಹಾರ ಹಾಕಿ, ಚಪ್ಪಾಳೆ ತಟ್ಟಿ, "ಸುಮಧ್ವ ಇಲ್ದೆ ಸಂಘ ಉಂಟೇನ್ರಿ?" ಅಂದಿದ್ದರು. ಪ್ರೀತಿಯಿಂದಲೇ ಅಂದಿದ್ದರು. ಮನೆಗೆ ಹೋಗಿ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿದ್ದರು.

ಅವನು ಮಾಡುತ್ತಿರಲಿಲ್ಲ. ಮಾತಾಡುತ್ತಾ ಆಡುತ್ತಾ ಕಣ್ಣು ಬಿಟ್ಟುಕೊಂಡೇ ಎಲ್ಲೋ ಹೋಗಿಬಿಡುತ್ತಿದ್ದ. ಕರೆದರೆ, "ಹಾಂ? ಯಾರು ಹೋದ್ರು?" ಅನ್ನುತ್ತಿದ್ದ.

2004ರ ಪಿತೃಪಕ್ಷದಲ್ಲಿ ಆ ತಪ್ಪು ನಡೆಯಿತು.

ಒಂದೇ ಟೂರ್ ಬಸ್ಸಿನಲ್ಲಿ ಜಗದಾಂಬ ಅನ್ನುವ ಹೆಸರಿನ ಇಬ್ಬರು ಬಂದಿದ್ದರು. ಒಬ್ಬರು ಚಿತ್ರದುರ್ಗದವರು, ಇನ್ನೊಬ್ಬರು ಚಳ್ಳಕೆರೆಯವರು. ಚಿತ್ರದುರ್ಗದ ಜಗದಾಂಬ ಧರ್ಮಶಾಲೆಯ ಮೆಟ್ಟಿಲಲ್ಲಿ ಕುಸಿದು ತೀರಿಕೊಂಡರು. ಬಸ್ಸು ಆಗಲೇ ಗಯಾಕ್ಕೆ ಹೊರಟಿತ್ತು. ಅದರಲ್ಲಿದ್ದವರು ಆಕೆ ಜ್ವರಕ್ಕೆ ಹಿಂದುಳಿದಿದ್ದಾರೆ ಅಂತಲೇ ತಿಳಿದಿದ್ದರು. ಸುಮಧ್ವ ಮೂರು ದಿನದಿಂದ ಮಲಗಿರಲಿಲ್ಲ. ಅದು ಅವನ ಅವತ್ತಿನ ನಾಲ್ಕನೇ ಹೆಣ. ರಿಜಿಸ್ಟರು ತೆಗೆದ, ಜಗದಾಂಬ ಅನ್ನುವ ಹೆಸರು ಹುಡುಕಿದ, ಅದರ ಮುಂದಿದ್ದ ನಂಬರಿಗೆ ಫೋನ್ ಮಾಡಿದ. ಅದು ಚಳ್ಳಕೆರೆಯ ನಂಬರು.

"ಕೊನೇಲಿ ನೋವಾಗ್ಲಿಲ್ಲ. ನಿಮ್ಮ ಹೆಸರನ್ನೇ ಹೇಳ್ತಿದ್ರು," ಅಂದ ಆ ಮಗನಿಗೆ. ಬರೋಕೆ ಆಗಲ್ಲ, ಅಲ್ಲೇ ಮುಗಿಸಿಬಿಡಿ ಅಂದನಂತೆ ಮಗ. ಸುಮಧ್ವನೇ ಬೆಂಕಿ ಇಟ್ಟ.

ಹದಿನಾರು ದಿನ ಕಳೆದು ಚಳ್ಳಕೆರೆಯ ಜಗದಾಂಬ ಬಸ್ಸಿಳಿದು, ಗಂಗಾಜಲದ ಕ್ಯಾನು ಹಿಡಿದು ಮನೆಗೆ ನಡೆದು ಬಂದರೆ, ಗೋಡೆಯ ಮೇಲೆ ಅವರದೇ ಫೋಟೋ, ಹಾರ. ಮಗ ತಲೆ ಬೋಳಿಸಿಕೊಂಡಿದ್ದ. ಸೊಸೆ ಚೀರಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಎರಡು ದಿನ ಜಗದಾಂಬ ಪಕ್ಕದ ಮನೆಯ ಜಗಲಿಯಲ್ಲಿದ್ದರಂತೆ.

ಕರ್ಮ ಆದವರು ಬದುಕಿ ಬಂದರೆ ಮತ್ತೆ ಹುಟ್ಟಬೇಕು. ಅಮ್ಮ ಮಗ ಇಬ್ಬರೂ ಕಾಶಿಗೆ ಬಂದರು. ಬದರೀನಾರಾಯಣ ಆಚಾರ್ಯರೇ ಮಾಡಿಸಿದರು. ಅರವತ್ತೆಂಟು ವರ್ಷದ ಹೆಂಗಸನ್ನು ಮಗುವಿನ ಹಾಗೆ ಮೀಯಿಸಿ, ಹೊಸ ಬಟ್ಟೆ ಸುತ್ತಿ, ಕಿವಿಯಲ್ಲಿ ಹೊಸದಾಗಿ ಹೆಸರು ಹೇಳಿದರು. ಸುಮಧ್ವ ದರ್ಭೆ, ತುಪ್ಪ ಎತ್ತಿ ಕೊಡುತ್ತಿದ್ದ.

"ನೀನೇ ಏನಪ್ಪ ನನ್ನ ಸಾಯಿಸಿದ್ದು?" ಆಕೆ ಬೊಚ್ಚುಬಾಯಿ ಬಿಟ್ಟು ನಕ್ಕರು. "ಇರ್ಲಿ ಬಿಡು. ಯಾರ್ ಯಾರು ಅತ್ತರು ಅಂತ ಗೊತ್ತಾಯ್ತು."

ಎಲ್ಲರೂ ನಕ್ಕರು. ಸುಮಧ್ವ ಆಕೆಯ ಕಾಲಿಗೆ ಬಿದ್ದ, ಏಳಲೇ ಇಲ್ಲ. ಹರ್ಷಾ ಎತ್ತಬೇಕಾಯಿತು.

ಚಿತ್ರದುರ್ಗದಿಂದ ಬಂದದ್ದು ಒಂದು ಪೋಸ್ಟ್ ಕಾರ್ಡು. ಸತ್ತ ಜಗದಾಂಬ ಅವರ ಮಗಳು ಬರೆದದ್ದು. 'ಫೋನ್ ಬಂದಿದ್ದರೆ ನಾನು ಬರುತ್ತಿದ್ದೆ. ಮುಖ ನೋಡುತ್ತಿದ್ದೆ.' ಅಷ್ಟೇ. ಸಹಿಯೂ ಇರಲಿಲ್ಲ.

ಆಮೇಲೆ ಸತ್ತವರ ಮನೆಗೆ ಫೋನ್ ಮಾಡಲು ಸುಮಧ್ವನಿಂದ ಆಗುತ್ತಿರಲಿಲ್ಲ. ಸಂಘದ ಮೊಬೈಲು ಹಿಡಿದು ನಂಬರು ಒತ್ತುತ್ತಿದ್ದ, ಕೊನೆಯ ಅಂಕಿಗೆ ಬೆರಳು ನಿಂತುಬಿಡುತ್ತಿತ್ತು. ಅದನ್ನು ನಾನೊಬ್ಬಳೇ ನೋಡಿದ್ದೆ. ಪಕ್ಕದಲ್ಲಿ ಕೂತು ಆ ಒಂದು ಅಂಕಿ ನಾನು ಒತ್ತುತ್ತಿದ್ದೆ. ಅಲ್ಲಿಯವರೆಗೆ ನಮ್ಮ ಪ್ರೇಮದಲ್ಲಿ ಅದಕ್ಕಿಂತ ಹತ್ತಿರ ನಾವು ಬಂದಿರಲಿಲ್ಲ.

ಕಾರ್ತೀಕದ ಹೊತ್ತಿಗೆ ಮತ್ತೊಂದಾಯಿತು. ಚಿತೆಯಿಂದ ಜಾರಿದ ಕೊಳ್ಳಿಯನ್ನು ಬರಿಗೈಯಲ್ಲಿ ಎತ್ತಿ ಒಳಗಿಟ್ಟ. ಚರ್ಮ ಸುಟ್ಟ ವಾಸನೆ ಬಂದಾಗ ನಾವು ಕೂಗಿದೆವು. ಅವನು ಅಂಗೈ ನೋಡಿಕೊಂಡು, "ಓಹ್," ಅಂದ, ಬೇರೆಯವರ ಕೈ ನೋಡಿದ ಹಾಗೆ.

ಬ್ಯಾಂಡೇಜ್ ಕಟ್ಟಿ ಮುಗಿಸಿ ಹರ್ಷಾ ನನ್ನನ್ನು ಹೊರಗೆ ಕರೆದ. "ಕಾತ್ಯಾಯನಿ, ಗಾಯ ವಾಸಿಯಾಗುತ್ತೆ. ನೋವು ಗೊತ್ತಾಗ್ಲಿಲ್ಲ ನೋಡು, ನಂಗೆ ಅದೇ ಭಯ. ಇನ್ನೊಂದು ವರ್ಷ ಇವನು ಇದೇ ಮಾಡಿದ್ರೆ ನಾವು ಇವನಿಗೇ ಕಟ್ಟಿಗೆ ತರ್ಬೇಕು."

ವಾರ್ಷಿಕ ಸಭೆಗೆ ನಾಲ್ಕು ದಿನ ಇತ್ತು. ಸುಮಧ್ವ ಎಡಗೈಯಲ್ಲಿ ಚಹಾ ಹಿಡಿದು ನನ್ನ ಮೇಜಿನೆದುರು ನಿಂತ.

"ಸಾಹಿಬಾ, ವಿನಾಯಿತಿ ಠರಾವು ಬರೆದ್ಯಾ?"

"ಇಲ್ಲ."

"ಬರಿ. ಈ ಒಂದು ವರ್ಷ, ಬಸ್."

"ಐದು ವರ್ಷದಿಂದ ಈ ಒಂದು ವರ್ಷ ನಡೀತಿದೆ."

"ಈಗ ಬಿಟ್ರೆ…" ಅವನು ಕಿಟಕಿಯ ಕಡೆ ನೋಡಿದ. "ಈಗ ಬಿಟ್ರೆ ಆ ಫೋನೇ ನನ್ನ ಕೊನೇ ಕೆಲಸ ಆಗುತ್ತೆ, ಕಾತ್ಯಾ. ಒಂಬತ್ತು ವರ್ಷ ಮಾಡಿದ್ದು ಯಾರಿಗೂ ನೆನಪಿರಲ್ಲ. ಬದುಕಿರೋರನ್ನ ಸಾಯಿಸಿದ ಅನ್ನೋದಿರುತ್ತೆ. ಅದನ್ನ ತೊಳ್ಕೊಳ್ಳೋಕೆ ಬಿಡು ನನ್ನ."

"ನೂರು ಹೆಣ ಸುಟ್ಟರೂ ಅದು ತೊಳೆಯಲ್ಲ, ಸುಮಧ್ವ."

"ಇನ್ನೂರು ಸುಡ್ತೀನಿ."

"ನಾನು ವಿರೋಧ ಮಾಡ್ತೀನಿ ಸಭೇಲಿ."

ಅವನು ನನ್ನನ್ನೇ ನೋಡಿದ. ಈ ಸಲ ಫ್ಯಾನಿನ ಕಡೆ ತಿರುಗಲಿಲ್ಲ. "ನೀನಾ?" ಅಂದ. ಚಹಾ ಮೇಜಿನ ಮೇಲೇ ಬಿಟ್ಟು ಹೋದ.

ಆ ಭಾನುವಾರ ಮಧ್ಯಾಹ್ನ ಬಂದವರು ಹತ್ತೇ ಜನ. ಮದುವೆ ಸೀಸನ್ನು, ಪರೀಕ್ಷೆ, ಯಾರಿಗೋ ಮಲೇರಿಯಾ. ಅಧ್ಯಕ್ಷ ವಿಶ್ವನಾಥ ಗೋದೌಲಿಯಾ ಪೇಟೆಯ ಸೀರೆ ಅಂಗಡಿಯಿಂದ ಒಂದು ಗಂಟೆ ಬಿಡುವು ಕೇಳಿ ಓಡಿ ಬಂದಿದ್ದ. ಒಳ್ಳೆಯವನು, ಬೆವರೊರೆಸಿಕೊಳ್ಳುತ್ತಾ ತಲೆ ಎಣಿಸಿದ.

"ಸುಮಧ್ವ, ನಿನ್ನ ವಿಷಯ ಅಂದ್ಮೇಲೆ ನೀನು ಬಾಲ್ಕನಿಗೆ ಹೋಗಿರಪ್ಪ. ಹಾಂ, ಒಂಬತ್ತು. ಸಭೆ ನಡೆಯೋಕೆ ಕೋರಂ ಒಂಬತ್ತು. ಬಚ್ ಗಯೇ, ಬಚಾವಾದ್ವಿ! ಬೇಗ ಮುಗಿಸೋಣ."

ಸುಮಧ್ವ ಹೊರಗೆ ಹೋದ. ಬಾಗಿಲಿಗೆ ತೆಳುವಾದ ಪರದೆ. ಅದರಾಚೆ ಅವನ ನೆರಳು ಕೂತದ್ದು ಕಾಣುತ್ತಿತ್ತು.

ನಾನು ಲೆಕ್ಕ ಹಾಕಿದ್ದೆ. ಒಂಬತ್ತರಲ್ಲಿ ಆರು ಕೈ ಎದ್ದರೆ ವಿನಾಯಿತಿ. ವಿರೋಧ ನಾನು, ಹರ್ಷಾ, ಇಬ್ಬರೇ. ಏಳು ಕೈ ಏಳುವುದು ಗ್ಯಾರಂಟಿ. ನನ್ನ ವೋಟಿಗೆ ಯಾವ ಬಲವೂ ಇರಲಿಲ್ಲ.

ಬಲ ಇದ್ದದ್ದು ಹದಿನೇಳನೇ ನಿಯಮಕ್ಕೆ. ಒಬ್ಬರ ನೇಮಕದ ವಿಷಯ ಬಂದಾಗ, ಅವರಲ್ಲಿ ವೈಯಕ್ತಿಕ ಹಿತಾಸಕ್ತಿ ಇರುವ ಸದಸ್ಯರು ಅದನ್ನು ಸಭೆಗೆ ಬಾಯಿಬಿಟ್ಟು ಹೇಳಿ ಹೊರಗೆ ಹೋಗಬೇಕು. ಅಂಥವರನ್ನು ಕೋರಂಗೆ ಎಣಿಸತಕ್ಕದ್ದಲ್ಲ. ಎಂಟು ಜನರಿಂದ ಏನೂ ಪಾಸಾಗುವುದಿಲ್ಲ. ಮತ್ತೆ ಸಭೆ ಕರೆಯಲು ಹದಿನೈದು ದಿನದ ನೋಟೀಸು ಬೇಕು. ಅವನ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಒಂದು ಸಲ ಮುಗಿದರೆ ಎರಡು ವರ್ಷ ಯಾರೂ ಅವನನ್ನು ಆ ಕುರ್ಚಿಗೆ ತರುವಂತಿರಲಿಲ್ಲ.

ಅಜ್ಜಿಯ ಒಂದು ಕಥೆಯಲ್ಲಿ ಗುಟ್ಟು ಹೇಳಿದವರು ಪಾದದಿಂದ ಮೇಲಕ್ಕೆ ಕಲ್ಲಾಗುತ್ತಾ ಬರುತ್ತಾರೆ. ಅಷ್ಟು ಗೊತ್ತಿದ್ದೂ ಹೇಳ್ತಾರಾ ಅಜ್ಜಿ ಅಂತ ಕೇಳುತ್ತಿದ್ದೆ. ಎದ್ದು ನಿಂತಾಗ ನನ್ನ ಕಾಲು ನನಗೆ ಗೊತ್ತಾಗುತ್ತಿರಲಿಲ್ಲ.

"ಅಧ್ಯಕ್ಷರೇ, ಹದಿನೇಳನೇ ನಿಯಮದ ಪ್ರಕಾರ ಒಂದು ವಿಷಯ ಹೇಳಬೇಕು."

"ಹೇಳಮ್ಮ."

"ಸುಮಧ್ವನ ವಿಷಯದಲ್ಲಿ ನನಗೆ ವೈಯಕ್ತಿಕ ಹಿತಾಸಕ್ತಿ ಇದೆ."

"ಏನು, ನಿನಗೆ ಅವನು ನೆಂಟನಾ?"

"ಅಲ್ಲ."

"ಮತ್ತೆ?"

"ಪ್ರೀತಿ," ಅಂದೆ. ದನಿ ಸಣ್ಣಗಾಗಿತ್ತು. ಮಿನಿಟ್ಸಿಗೆ ಕೇಳಿಸಬೇಕಲ್ಲ ಅಂತ ಇನ್ನೊಂದು ಸಲ ಹೇಳಿದೆ. "ನಾನು ಅವನನ್ನ ಪ್ರೀತಿಸ್ತೀನಿ. ಎರಡು ವರ್ಷದಿಂದ."

ಯಾರದೋ ಕುರ್ಚಿ ಕಿರ್ರೆಂದಿತು. ಹರ್ಷಾ ಮುಖ ಮುಚ್ಚಿಕೊಂಡ.

"ಅಯ್ಯೋ, ಅದನ್ನ ಅವನಿಗೆ ಹೇಳಮ್ಮ ತಾಯಿ, ಸಭೆಗೆ ಯಾಕೆ?" ಅಂದ ವಿಶ್ವನಾಥ. ಆಮೇಲೆ ಅವನ ಮುಖದ ನಗು ನಿಧಾನಕ್ಕೆ ಇಳಿಯಿತು. ಮತ್ತೆ ತಲೆ ಎಣಿಸಿದ. "ನೀನು ಹೊರಗೆ ಹೋದ್ರೆ…"

"ಎಂಟು," ಅಂದೆ.

ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು, ಬಾಲ್ಕನಿಯದು; ಕೆಳಗಿಳಿಯುವ ಮೆಟ್ಟಿಲೂ ಅಲ್ಲಿಂದಲೇ. ಪರದೆ ಸರಿಸಿದೆ.

ಅವನು ಗೋಡೆಗೆ ಒರಗಿ ನಿಂತಿದ್ದ. ಕೆಳಗೆ ಗಲ್ಲಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆಯುತ್ತಿದ್ದರು. ಅವನ ಕಣ್ಣು ಕೆಂಪಾಗಿತ್ತು. ನಿದ್ದೆಗೆಟ್ಟೋ, ಬೇರೆ ಯಾತಕ್ಕೋ.

"ಕೋರಂ ಮುರಿಯೋಕೆ ಹೇಳಿದ್ಯಾ?" ಅಂದ. "ಅಥವಾ ನಿಜಾನಾ?"

"ನಿಜ."

"ಹನ್ನೆರಡು ಜನ ಬಂದಿದ್ರೆ? ಕೋರಂ ಮುರೀದೇ ಇದ್ದಿದ್ರೆ? ಆಗ್ಲೂ ಹೇಳ್ತಿದ್ಯಾ?"

ಹೌದು ಅನ್ನಬಹುದಿತ್ತು. ಯಾವ ಕಥೆಯಲ್ಲೇ ಆಗಲಿ ಹುಡುಗಿ ಹೌದು ಅನ್ನುತ್ತಾಳೆ.

"ಗೊತ್ತಿಲ್ಲ," ಅಂದೆ. "ಧೈರ್ಯ ಬರ್ತಿತ್ತೋ ಇಲ್ವೋ. ನಿನ್ನ ಈ ಕುರ್ಚಿಯಿಂದ ಬಿಡಿಸಬೇಕಿತ್ತು. ಕೈಯಲ್ಲಿ ಇದ್ದದ್ದು ಇದೊಂದೇ."

"ಎರಡು ವರ್ಷದಿಂದ ಕಾಯ್ತಿದ್ದೆ ಈ ಮಾತಿಗೆ," ಅವನು ಮೆಲ್ಲಗೆ ಹೇಳಿದ. "ನೀನು ಅದನ್ನ ಕತ್ತರಿ ಮಾಡಿ ತಂದೆ."

ಒಳಗೆ ವಿಶ್ವನಾಥ ಸಭೆ ಮುಂದೂಡಿದ್ದು ಕೇಳಿಸಿತು. ಸುಮಧ್ವ ಜೇಬಿನಿಂದ ಸಂಘದ ಮೊಬೈಲು ತೆಗೆದು ನನ್ನ ಕೈಗಿಟ್ಟ. ಒಂಬತ್ತು ವರ್ಷದ ಕೆಲಸ ಒಪ್ಪಿಸಲು ಒಂದು ಕ್ಷಣ ಸಾಕಾಯಿತು. ಬೆರಳು ಈ ಸಲವೂ ತಾಗಲಿಲ್ಲ. ಮೆಟ್ಟಿಲಿಳಿದು ಹೋದ.

ಎಂಟು ದಿನ ಅವನು ಕಾಣಲಿಲ್ಲ. ಆ ಎಂಟು ದಿನದಲ್ಲಿ ಮೂವರು ಸತ್ತರು. ಹರ್ಷಾ, ನಾನು ಪಾಳಿ ಹಾಕಿಕೊಂಡೆವು. ವಿಶ್ವನಾಥನೂ ಅಂಗಡಿಗೆ ರಜೆ ಹಾಕಿ ಒಂದು ದಿನ ಚಟ್ಟ ಕಟ್ಟಿದ, ವಾಂತಿ ಮಾಡಿಕೊಂಡ, ಮತ್ತೆ ಬಂದ. ನಾನು ಊರುಗಳಿಗೆ ಫೋನ್ ಮಾಡಿದೆ. ನಿಮ್ಮ ಹೆಸರನ್ನೇ ಹೇಳುತ್ತಿದ್ದರು ಅನ್ನಲು ನನ್ನಿಂದ ಆಗಲಿಲ್ಲ. ಆ ಕಡೆಯವರು ಅಳುತ್ತಿದ್ದರೆ ಫೋನು ಕಿವಿಗಿಟ್ಟುಕೊಂಡು ಕೇಳುತ್ತಾ ಕೂತಿರುತ್ತಿದ್ದೆ. ಆಮೇಲೆ ಊಟ ಸೇರುತ್ತಿರಲಿಲ್ಲ. ಅವನು ಇದನ್ನು ಒಂಬತ್ತು ವರ್ಷ ಮಾಡಿದ್ದ.

ಒಂಬತ್ತನೇ ದಿನ ಬೆಳಿಗ್ಗೆ ಆಚಾರ್ಯರು ಹೇಳಿ ಕಳಿಸಿದರು. ಸುಮಧ್ವ ಗಂಗೆಯಾಚೆಯ ರಾಮನಗರಕ್ಕೆ, ಅಕ್ಕ ವಿಶಾಲಾಕ್ಷಿಯ ಮನೆಗೆ ಹೊರಟಿದ್ದಾನೆ, ದೋಣಿ ಕೇದಾರ ಘಾಟಿಂದ.

ಅವನು ಕೊನೆಯ ಮೆಟ್ಟಿಲಲ್ಲಿ ಒಂದು ಚೀಲ ಇಟ್ಟುಕೊಂಡು ಕೂತಿದ್ದ. ಗಡ್ಡ ಬೆಳೆದಿತ್ತು. ನಾನು ಎರಡಡಿ ದೂರ ಬಿಟ್ಟು ಕೂತೆ.

"ಮಿನಿಟ್ಸಲ್ಲಿ ಏನಂತ ಬರೆದೆ?" ಅಂದ.

"ಕಾರ್ಯದರ್ಶಿಯವರು ವೈಯಕ್ತಿಕ ಹಿತಾಸಕ್ತಿ ಇದೆಯೆಂದು ತಿಳಿಸಿ ಹೊರನಡೆದರು. ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಯಿತು."

"ಅಷ್ಟೇನಾ? ಪ್ರೀತಿ ಅನ್ನೋ ಶಬ್ದ ಇಲ್ವಾ?"

"ವಿಶ್ವನಾಥ ಬೇಡ ಅಂದ. ಮನೆಯವರು ಓದ್ತಾರಂತೆ."

ಅವನ ತುಟಿಯ ಮೂಲೆ ಸ್ವಲ್ಪ ಅಲ್ಲಾಡಿತು.

"ನಾನೂ ಹೇಳ್ಬೇಕಿತ್ತು," ಅಂದ. "ಹಿಂದಿನ ವರ್ಷವೇ ಬಿಡೋಣ ಅಂತಿದ್ದೆ. ರಾಜೀನಾಮೆ ಬರೆದು ಜೇಬಲ್ಲಿ ಇಟ್ಕೊಂಡಿದ್ದೆ. ನೀನು ಮಿನಿಟ್ಸ್ ಓದ್ತಾ ಇದ್ದೆ, ಬೆಳಕು ಆ ಕಡೆಯಿಂದ ಬೀಳ್ತಿತ್ತು. ಬಿಟ್ರೆ ಇಲ್ಲಿಗೆ ಬರೋಕೆ ಯಾವ ನೆಪ ಇರುತ್ತೆ ಅನ್ನಿಸ್ತು. ಕೊಡಲೇ ಇಲ್ಲ."

ಹಿಂದಿನ ವರ್ಷ ಬಿಟ್ಟಿದ್ದರೆ ಪಿತೃಪಕ್ಷದಲ್ಲಿ ಆ ಫೋನು ಅವನು ಮಾಡುತ್ತಿರಲಿಲ್ಲ. ಆ ಅಂಗೈ ಸುಡುತ್ತಿರಲಿಲ್ಲ. ಚಿತ್ರದುರ್ಗದಲ್ಲಿ ಒಬ್ಬ ಮಗಳು ಅಮ್ಮನ ಮುಖ ನೋಡುತ್ತಿದ್ದಳೋ ಏನೋ.

"ನನ್ನಿಂದಾನಾ?" ಅಂದೆ.

"ನನ್ನಿಂದ. ನೀನು ಸುಮ್ಮನೆ ಓದ್ತಿದ್ದೆ." ಅವನು ಬ್ಯಾಂಡೇಜಿನ ಕೈ ಚಾಚಿ ನನ್ನ ಕೈ ಮುಟ್ಟಿದ. ಮೊದಲ ಸಲ. ಬಟ್ಟೆ ಒರಟಾಗಿತ್ತು, ಬೆರಳ ತುದಿ ಬೆಚ್ಚಗಿತ್ತು. "ಕೋಪ ಇದೆ ಇನ್ನೂ. ಸ್ವಲ್ಪ ದಿನ ಇರುತ್ತೆ. ಪ್ರೀತಿನೂ ಇದೆ. ಆದ್ರೆ ಎರಡನ್ನೂ ಎತ್ತೋಕೆ ಈಗ ನನ್ನ ಹತ್ರ ಶಕ್ತಿ ಇಲ್ಲ, ಕಾತ್ಯಾ. ಕಾಯಿ ಅಂತ ಹೇಳಲ್ಲ."

"ಹೇಳ್ಬೇಡ. ಊಟ ಮಾಡು ಸರಿಯಾಗಿ."

"ನೀನೂ ನಾಲ್ಕು ವರ್ಷಕ್ಕಿಂತ ಜಾಸ್ತಿ ಮಾಡ್ಬೇಡ."

"ಯಾರಾದ್ರೂ ಹಾರ ತಂದ್ರೆ?"

"ಓಡಿ ಹೋಗು," ಅಂದ. ಈ ಸಲ ನಿಜವಾಗಿಯೂ ನಕ್ಕ. ನಗುತ್ತಲೇ ಕಣ್ಣು ತುಂಬಿತು. ನಾನು ಆ ಕಡೆ ನೋಡಿದೆ.

ದೋಣಿಯವನು, "ಚಲೀಂ ಭಯ್ಯಾ," ಅಂತ ಹೊರಡಲು ಕರೆದ. ಸುಮಧ್ವ ಹತ್ತಿ, ಚೀಲ ತಲೆಯ ಕೆಳಗಿಟ್ಟುಕೊಂಡು ಹಲಗೆಯ ಮೇಲೆ ಮಲಗಿದ. ಕೈ ಬೀಸುತ್ತಾನೇನೋ ಅಂತ ನಿಂತಿದ್ದೆ. ಬೀಸಲಿಲ್ಲ. ದೋಣಿ ಹತ್ತು ಮಾರು ಹೋಗುವಷ್ಟರಲ್ಲಿ ಅವನ ಒಂದು ಕೈ ಹಲಗೆಯಿಂದ ಕೆಳಗೆ ಜಾರಿ ಸಡಿಲವಾಗಿ ತೂಗಾಡತೊಡಗಿತು. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ ಹೋಗಿದ್ದ. ಎರಡು ವರ್ಷದಲ್ಲಿ ಅವನು ಕಣ್ಣು ಮುಚ್ಚಿ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ನನ್ನ ಕೈಯಲ್ಲಿದ್ದ ಸಂಘದ ಮೊಬೈಲು ರಿಂಗಾಯಿತು.

ನೀರಿನ ಮೇಲೆ ಶಬ್ದ ದೂರ ಹೋಗುತ್ತದೆ. ನಾನು ಅದನ್ನು ಶಾಲಿನಲ್ಲಿ ಸುತ್ತಿ, ಎದೆಗೆ ಒತ್ತಿ ಹಿಡಿದು, ಹೊಳೆಗೆ ಬೆನ್ನು ಮಾಡಿ, ಅವನಿಗೆ ಎಚ್ಚರವಾಗದ ಹಾಗೆ ಮೆಟ್ಟಿಲು ಹತ್ತಿ ಓಡಿದೆ.